ವಾರ್ತೆಯ ಋಣ

ಹತ್ತಿಕುಣಿಯ ಜಲಾಶಯ ತುಂಬಿತೆಂಬ ವಾರ್ತೆಗೆ ಒಡೆಯನಾರು? ನೀರು ಮಳೆಯದು, ಸಂಗತಿ ಸರ್ವರದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೂ ಸಂಗತಿಗಲ್ಲದೆ ಅದನ್ನು ನಿರೂಪಿಸಿದ ರೀತಿಗೆ ಮಾತ್ರ ಸ್ವಾಮ್ಯವನ್ನಿತ್ತಿದೆ. ಆದರೆ ಕೆಸರು ತುಳಿದು ಏರಿಯನ್ನು ಹತ್ತಿ, ನೀರಿನ ಮಟ್ಟವನ್ನು ಕಣ್ಣಾರೆ ಕಂಡು, ಕಾಲುವೆಗೆ ನೀರು ಬಿಡುವುದೆಂದೆಂದು ಅಧಿಕಾರಿಯನ್ನು ಕಾಡಿ ಕೇಳಿ, ಇರುಳಾಗುವುದರೊಳಗೆ ಯಾದಗಿರಿಯ ಪತ್ರಿಕೆಗೆ ಬರೆದು ಕಳುಹಿದ ಸುದ್ದಿಗಾರನ ಶ್ರಮವು ಗೂಗಲಿನಲ್ಲಿ ಹುಡುಕಿದ ರೈತನಿಗೆ ಒಂದು ತಲೆಬರಹ, ಎರಡು ಸಾಲುಗಳಾಗಿ ದೊರೆತು, ಆತನು ಅಷ್ಟಕ್ಕೇ ತೃಪ್ತನಾಗಿ ಮೊಬೈಲನ್ನು ಜೇಬಿಗಿಳಿಸಿದನೆಂದರೆ, ಆ ಶ್ರಮದ ಋಣವನ್ನು ಸಲ್ಲಿಸಬೇಕಾದವರಾರೆಂಬುದು ನ್ಯಾಯಾಲಯದ ಕಟ್ಟೆಯನ್ನೇರುವ ಮುನ್ನವೇ ಧರ್ಮದ ಪ್ರಶ್ನೆಯಾಗಿದೆ.

ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನು ತನ್ನ ವಚನಗಳಿಗೆ ರಾಮನಾಥನ ಅಂಕಿತವನ್ನಿಟ್ಟನೇ ಹೊರತು ತನ್ನ ಹೆಸರನ್ನಲ್ಲ. ಆ ನುಡಿಗಳನ್ನು ಯಾರು ಹಾಡಿದರೂ ಕಾಸು ಕೇಳಿದವರಿಲ್ಲ. ಅಂಕಿತವನ್ನು ಕೀಳುವುದು ಮಾತ್ರ ಅಪಚಾರ. ಬಸವಣ್ಣನ ಅಂಕಿತವನ್ನು ಬದಲಿಸಿದ ಗ್ರಂಥಕ್ಕೆ ಸರ್ಕಾರವು 1998ರಲ್ಲಿ ವಿಧಿಸಿದ ನಿಷೇಧವನ್ನು ಸುಪ್ರೀಂ ಕೋರ್ಟು 2017ರಲ್ಲಿ ಎತ್ತಿಹಿಡಿಯಿತಲ್ಲವೆ! (ನಿಷೇಧವೇ ಅದಕ್ಕೆ ಮದ್ದಾಗಿತ್ತೇ ಎಂಬುದು ಬೇರೆ ಮಾತು.) ಈ ದೃಷ್ಟಿಯಿಂದ ನೋಡಿದರೆ, ಪತ್ರಿಕೆಯ ಹೆಸರನ್ನೂ ಅದರ ಪುಟಕ್ಕೆ ದಾರಿಯನ್ನೂ ತೋರುವ ಎರಡು ಸಾಲು ಕಳವಲ್ಲ, ಹತ್ತು ವರದಿಗಳನ್ನು ಅರೆದು, ಓದುಗನು ಮೂಲದ ಕಡೆಗೆ ತಲೆಹಾಕದಂತೆ ಯಂತ್ರವೇ ಬಡಿಸುವ ಸಾರಾಂಶವಾದರೋ ಅಂಕಿತ ಕಿತ್ತ ವಚನವೇ ಸರಿ. ಎಎನ್‌ಐ ಸುದ್ದಿಸಂಸ್ಥೆಯು ಕೃತಕ ಬುದ್ಧಿಮತ್ತೆಯ ಓಪನ್‌ಎಐ ಕಂಪನಿಯ ಮೇಲೆ 2024ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಯ ಬೇರು ಇಂಥ ಅಳಲಿನಲ್ಲಿಯೇ ಇದೆ.

ಹಾಗೆಂದು ಪ್ರತಿ ಸಾಲಿಗೂ ದರ ಕಟ್ಟುವ ಶಾಸನವನ್ನು ನಾನು ಒಪ್ಪಲಾರೆನು. ಸ್ಪೇನ್ ದೇಶವು 2014ರಲ್ಲಿ ಸುದ್ದಿಯ ತುಣುಕುಗಳಿಗೆ ಶುಲ್ಕವನ್ನು ವಿಧಿಸಿ, ಪತ್ರಿಕೆಯು ತಾನೇ ಬೇಡವೆಂದರೂ ಆ ಹಕ್ಕನ್ನು ಬಿಟ್ಟುಕೊಡಲಾಗದಂತೆ ಮಾಡಿದಾಗ, ಗೂಗಲ್ ತನ್ನ ಸುದ್ದಿಸೇವೆಯನ್ನೇ ಅಲ್ಲಿ ಮುಚ್ಚಿತು. ಮತ್ತೆ ತೆರೆದದ್ದು 2022ರಲ್ಲಿ. ದಾಸೋಹವನ್ನು ಕಂಡ ನಾಡಿನವನಿಗೆ, ಕೊಡುವೆನೆಂಬವನ ಕೈಯನ್ನೂ ಕಟ್ಟಿಹಾಕುವ ಹಕ್ಕು ವಿಚಿತ್ರವಾಗಿ ತೋರುತ್ತದೆ. ಐರೋಪ್ಯ ಒಕ್ಕೂಟದ 2019ರ ಕೃತಿಸ್ವಾಮ್ಯ ನಿರ್ದೇಶನವು ಅತಿ ಚಿಕ್ಕ ಉದ್ಧೃತಿಗಳಿಗೆ ವಿನಾಯಿತಿಯಿತ್ತು ಕೊಂಚ ವಿವೇಕವನ್ನು ತೋರಿತು. ನಮ್ಮಲ್ಲಿ ಸ್ಪೇನಿನಂಥ ಕಾಯಿದೆ ಬಂದರೆ, ರಾಜಧಾನಿಯ ದೊಡ್ಡ ಪತ್ರಿಕೆಗಳು ಚೌಕಾಸಿ ಮಾಡಿ ಹುಡುಕಾಟದಲ್ಲಿ ಉಳಿದಾವು. ತಾಲ್ಲೂಕಿನ ಸಣ್ಣ ಪತ್ರಿಕೆಗೆ ಬೆಲೆ ಕೇಳುವ ಹಕ್ಕಿರುತ್ತದೆ, ಕೊಳ್ಳುವವನಿರುವುದಿಲ್ಲ.