ಓದಲು ಬಾರದ ರಾಜಕುಮಾರಿ

ಮಕ್ಕಳ ಚಿತ್ರಗಳನ್ನು ನೋಡುವ ವಯಸ್ಸು ನನ್ನದಲ್ಲ. ಆದರೂ ಮೊಮ್ಮಗಳ ಬಲವಂತಕ್ಕೆ ಕಟ್ಟುಬಿದ್ದು, ಕಳೆದ ತಿಂಗಳ ಒಂದು ಭಾನುವಾರ ಅವಳ ಪಕ್ಕದಲ್ಲಿ ಕುಳಿತು, ಡಿಸ್ನಿ ಸಂಸ್ಥೆಯವರು 2001ರಲ್ಲಿ ಹೊರತಂದ ‘ಅಟ್ಲಾಂಟಿಸ್: ದಿ ಲಾಸ್ಟ್ ಎಂಪೈರ್’ ಎಂಬ ಕಾರ್ಟೂನ್ ಚಿತ್ರವನ್ನು ನೋಡಿದೆ. ನಡುವೆ ತೂಕಡಿಸಿದರಾಯಿತು ಎಂದುಕೊಂಡಿದ್ದವನಿಗೆ ಆ ರಾತ್ರಿ ನಿದ್ರೆಯೇ ಬರಲಿಲ್ಲ. ಅದಕ್ಕೆ ಕಾರಣ ಅವಳು ಕೇಳಿದ ಒಂದು ಪ್ರಶ್ನೆ.

ಕಥೆ ನಡೆಯುವುದು 1914ರಲ್ಲಿ. ಮೈಲೋ ಥ್ಯಾಚ್ ಎಂಬ ತರುಣ ವಾಷಿಂಗ್ಟನ್ನಿನ ಒಂದು ವಸ್ತುಸಂಗ್ರಹಾಲಯದ ಬಾಯ್ಲರ್ ಕೋಣೆಯಲ್ಲಿ ದುಡಿಯುತ್ತಾನೆ. ಪ್ರಾಚೀನ ಭಾಷೆಗಳೆಂದರೆ ಅವನಿಗೆ ಹುಚ್ಚು. ಸಮುದ್ರದಲ್ಲಿ ಮುಳುಗಿದ ಅಟ್ಲಾಂಟಿಸ್ ನಗರವನ್ನು ತಾನು ಹುಡುಕಬಲ್ಲೆನೆಂಬ ಅವನ ಮಾತಿಗೆ ಅಲ್ಲಿಯ ಹಿರಿಯರು ನಗುತ್ತಾರೆ. ಅವನ ಅಜ್ಜನ ಗೆಳೆಯನಾದ ಒಬ್ಬ ಮುದಿ ಧನಿಕ ಮಾತ್ರ ಹಳೆಯ ಕೈಬರಹದ ಪುಸ್ತಕವೊಂದನ್ನು ಅವನ ಕೈಗಿತ್ತು, ಜಲಾಂತರ್ಗಾಮಿಯೊಂದರಲ್ಲಿ ದೊಡ್ಡ ತಂಡದೊಡನೆ ಕಳುಹಿಸುತ್ತಾನೆ. ದಾರಿಯಲ್ಲಿ ಬಹಳ ಜನ ಸಾಯುತ್ತಾರೆ. ಉಳಿದವರು ನಗರವನ್ನು ತಲುಪಿ ನೋಡಿದರೆ, ಅಲ್ಲಿ ಜನ ಇನ್ನೂ ಬದುಕಿದ್ದಾರೆ!

ಅಲ್ಲಿಯ ರಾಜಕುಮಾರಿ ಕೀಡಾ. ಅವಳ ಬಳಿ ಗಾಳಿಯಲ್ಲಿ ಹಾರುವ ಒಂದು ಹಳೆಯ ವಾಹನವಿದೆ; ಆದರೆ ಅದನ್ನು ಹೊರಡಿಸುವುದು ಹೇಗೆಂದು ಯಾರಿಗೂ ತಿಳಿಯದು. ಹೇಗೆಂಬುದನ್ನು ಅದರ ಮೈಮೇಲೆಯೇ ಕೆತ್ತಿದೆ. ಕೀಡಾಳಿಗೆ ಅದನ್ನು ಓದಲು ಬರುವುದಿಲ್ಲ. ಅವಳ ತಂದೆಯ ಪ್ರಜೆಗಳಲ್ಲಿ ಯಾರಿಗೂ ಬರುವುದಿಲ್ಲ. ಎಲ್ಲಿಂದಲೋ ಬಂದ ಮೈಲೋ ಅದನ್ನು ಓದಿ ಹೇಳುತ್ತಾನೆ, ವಾಹನಕ್ಕೆ ಜೀವ ಬರುತ್ತದೆ.

ಆಗ ಮೊಮ್ಮಗಳು ನನ್ನ ಕಡೆ ತಿರುಗಿ ಕೇಳಿದಳು: “ಅಜ್ಜಾ, ಅದು ಅಕಿ ಭಾಷಾನೇ ಅಲ್ಲೇನು? ಮತ್ತ ಅಕಿಗೇ ಯಾಕ ಓದಲಿಕ್ಕೆ ಬರೋದಿಲ್ಲ?”

ಕೇಳಿದವಳು ಮುಂಬಯಿಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಾಳೆ. ಇಂಗ್ಲಿಷ್, ಹಿಂದಿ, ಮರಾಠಿ ಮೂರನ್ನೂ ಓದುತ್ತಾಳೆ. ಮನೆಯಲ್ಲಿ ಧಾರವಾಡದ ಕನ್ನಡವನ್ನು ಅರಳು ಹುರಿದಂತೆ ಮಾತಾಡುತ್ತಾಳೆ. ಆದರೆ ಈ ಮಾಸಪತ್ರಿಕೆ ಮನೆಗೆ ಬಂದಾಗ ಅದರಲ್ಲಿಯ ಚಿತ್ರಗಳನ್ನಷ್ಟೇ ನೋಡಿ ಕೆಳಗಿಡುತ್ತಾಳೆ.

ಅಟ್ಲಾಂಟಿಸ್ ಎಂಬುದು ಇತಿಹಾಸವಲ್ಲ. ಕ್ರಿಸ್ತಪೂರ್ವ 360ರ ಸುಮಾರಿಗೆ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ಟಿಮೇಯಸ್’ ಮತ್ತು ‘ಕ್ರಿಟಿಯಸ್’ ಸಂವಾದಗಳಲ್ಲಿ ಹೇಳಿದ ಕಥೆ ಅದು. ಅಲ್ಲಿ ಈಜಿಪ್ಟಿನ ವೃದ್ಧ ಪುರೋಹಿತನೊಬ್ಬ ಅಥೆನ್ಸಿನ ಸೋಲೋನನಿಗೆ, ನೀವು ಗ್ರೀಕರು ಎಂದೆಂದಿಗೂ ಮಕ್ಕಳೇ ಎನ್ನುತ್ತಾನೆ. ಅವನು ಕೊಡುವ ಕಾರಣ ಹೀಗಿದೆ: ಮತ್ತೆ ಮತ್ತೆ ಬರುವ ಪ್ರವಾಹ ಊರುಗಳಲ್ಲಿದ್ದವರನ್ನು ಕೊಚ್ಚಿಕೊಂಡು ಹೋಗುತ್ತದೆ, ಗುಡ್ಡದ ಮೇಲೆ ಉಳಿಯುವ ದನಗಾಹಿಗಳಿಗೆ ಅಕ್ಷರ ಗೊತ್ತಿರುವುದಿಲ್ಲ, ಆದ್ದರಿಂದ ಪ್ರತಿ ಸಲವೂ ನೆನಪು ಮೊದಲಿನಿಂದ ಆರಂಭವಾಗಬೇಕು. ನಗರ ಮುಳುಗುವ ಈ ಕಥೆಯ ಜೊತೆಗೆ ಅಕ್ಷರ ಮುಳುಗುವ ಕಥೆಯೂ ಮೊದಲಿನಿಂದಲೇ ಇದೆ ಎಂದಾಯಿತು.

ಆದರೆ ಚಿತ್ರದಲ್ಲಿ ಅಕ್ಷರ ಮರೆತುಹೋದದ್ದು ಬರಿಯ ಪ್ರವಾಹದಿಂದಲ್ಲ. ಅಟ್ಲಾಂಟಿಸ್ ಬದುಕಿರುವುದು ಒಂದು ಮಹಾಸ್ಫಟಿಕದ ಶಕ್ತಿಯಿಂದ. ಹಿಂದೆ ಅರಸ ಅದನ್ನು ಯುದ್ಧಕ್ಕೆ ಬಳಸಹೋಗಿ ನಾಡಿನ ನಾಶಕ್ಕೂ ರಾಣಿಯ ಅಗಲಿಕೆಗೂ ಕಾರಣನಾದ. ಪಶ್ಚಾತ್ತಾಪದಿಂದ ಬೆಂದು, ಮಗಳಿಗೂ ಅದೇ ಗತಿ ಬಾರದಿರಲೆಂದು ಸ್ಫಟಿಕವನ್ನು ಅಡಗಿಸಿಟ್ಟು, ಹಳೆಯ ವಿದ್ಯೆಯನ್ನು ಕೆದಕದಂತೆ ತಡೆದ. ಅವನು ದುಷ್ಟನಲ್ಲ. ಮಗಳ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡಿದ. ಹಾಗಾದರೆ ಪ್ರಶ್ನೆ ಇಷ್ಟೆ: ಪ್ರೀತಿಯಿಂದಲೇ ಆಗಲಿ, ಮಗುವಿಗೆ ಬರಬೇಕಾದ ಪಿತ್ರಾರ್ಜಿತವನ್ನು ಮುಚ್ಚಿಡುವ ಅಧಿಕಾರ ಹಿರಿಯರಿಗೆ ಉಂಟೇ?

ಈ ಪ್ರಶ್ನೆಯನ್ನು ಅರಸನಿಗೆ ಹಾಕುವ ಮೊದಲು ನನಗೇ ಹಾಕಿಕೊಳ್ಳಬೇಕು. ನಾನು ಈ ನಗರಕ್ಕೆ ಬಂದದ್ದು 1972ರಲ್ಲಿ. ಮಗನನ್ನು ಶಾಲೆಗೆ ಹಾಕುವ ಕಾಲಕ್ಕೆ ಕನ್ನಡದ ಮಾತು ಬಂದಿತ್ತು. ಎರಡು ಲಿಪಿಗಳ ಜೊತೆಗೆ ಮೂರನೆಯದು ಹೊರೆಯಾದೀತೆಂದು ನಾವಿಬ್ಬರೂ ಕೂಡಿಯೇ ತೀರ್ಮಾನಿಸಿದೆವು. ಮಾತು ಬಂದರೆ ಸಾಕು ಎಂದೆವು. ಅದೂ ಪ್ರೀತಿಯೇ. ಮಗನಿಗೆ ಒಳ್ಳೆಯ ಕೆಲಸ ಸಿಕ್ಕಿತು. ಅನ್ನಕ್ಕೆ ಕನ್ನಡ ಲಿಪಿ ಬೇಕಾಗಲೂ ಇಲ್ಲ. ಲೆಕ್ಕಕ್ಕೆ ನೋಡಿದರೆ ನಮ್ಮ ತೀರ್ಮಾನದಲ್ಲಿ ತಪ್ಪಿಲ್ಲ.

ಆದರೆ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ. ಬಲ್ಲವನು ಬಿಡಬಹುದು, ಅರಿಯದವನು ಏನನ್ನು ಬಿಟ್ಟಾನು? ಮಗ ಕನ್ನಡ ಓದಲು ಕಲಿತು, ಇದು ನನಗೆ ಬೇಡ ಎಂದಿದ್ದರೆ ಅದು ಅವನ ಆಯ್ಕೆಯಾಗುತ್ತಿತ್ತು. ಈಗ ಅದು ನಮ್ಮ ಆಯ್ಕೆ. ನಾವು ಇಳಿಸಿದೆವೆಂದುಕೊಂಡ ಹೊರೆಯ ಜೊತೆಗೆ, ಬೇಕು ಬೇಡ ಎನ್ನುವ ಅವನ ಹಕ್ಕೂ ಹೋಯಿತು. ಅಟ್ಲಾಂಟಿಸಿನ ಅರಸ ಆಯುಧವನ್ನು ಬಚ್ಚಿಟ್ಟದ್ದು ಸರಿ, ಅಕ್ಷರವನ್ನೂ ಬಚ್ಚಿಟ್ಟದ್ದು ತಪ್ಪು.

ಆ ಅಜ್ಞಾನ ಮಗಳನ್ನು ಕಾಪಾಡಿತೇ? ಅದೂ ಇಲ್ಲ. ತಂಡದ ನಾಯಕ ರೂರ್ಕ್ ಸ್ಫಟಿಕವನ್ನು ಕದ್ದು ಮಾರಲೆಂದೇ ಬಂದವನು. ಕದ್ದುದನ್ನೆಲ್ಲ ಹಿಂತಿರುಗಿಸಿದರೆ ವಸ್ತುಸಂಗ್ರಹಾಲಯಗಳು ಖಾಲಿಯಾದಾವು ಎಂಬುದು ಅವನ ವಾದ. ಹಳೆಯ ಪುಸ್ತಕದಲ್ಲಿ ಸ್ಫಟಿಕದ ವಿಷಯವಿದ್ದ ಹಾಳೆಯನ್ನು ಅವನು ಮೊದಲೇ ಹರಿದಿಟ್ಟುಕೊಂಡಿದ್ದ. ಮನೆಯವರಿಗೆ ಗೊತ್ತಿಲ್ಲದ್ದು ಕಳ್ಳನಿಗೆ ಗೊತ್ತಿತ್ತು.

ಹೊರಗಿನವರೆಲ್ಲ ರೂರ್ಕ್‌ಗಳಲ್ಲ ಎಂಬುದನ್ನೂ ಹೇಳಬೇಕು. ಮೈಲೋನಂಥವರೂ ಇರುತ್ತಾರೆ. ನಮ್ಮ ನುಡಿಗೇ ಅಂಥವರು ದೊರಕಿದ್ದರು. ಜರ್ಮನಿಯಿಂದ ಬಂದ ಕಿಟ್ಟೆಲ್ಲರು ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಪ್ರಕಟಿಸಿದರು. ರೈಸರು ಹಳೆಯ ಮೈಸೂರಿನ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಕೊಟ್ಟರು. ಅವರ ಋಣ ದೊಡ್ಡದು. ಆದರೆ ಪರದೇಶದಿಂದ ಬಂದ ಕಿಟ್ಟೆಲ್ಲರು ದೊಡ್ಡವರಾದ ಮೇಲೆ ಕಲಿತ ಅಕ್ಷರ ನಮ್ಮ ಮಕ್ಕಳಿಗೆ ಹೊರೆಯಾಗುತ್ತದೆ ಎಂದು ಯಾವ ಬಾಯಿಂದ ಹೇಳೋಣ?

ಚಿತ್ರದ ಕೊನೆಗೆ ಬದುಕುಳಿದವರು ತಾವು ಕಂಡದ್ದನ್ನು ಜಗತ್ತಿಗೆ ಹೇಳದಿರಲು ಒಪ್ಪುತ್ತಾರೆ. ಸುಳ್ಳು ಹೇಳುವುದು ಸರಿಯೇ ಎಂದು ಕೆಲವರು ಕೇಳಬಹುದು. ಹೊರಗಿನ ದುರಾಸೆಯಿಂದ ಗುಟ್ಟನ್ನು ಕಾಯುವುದು ಬೇರೆ. ಮನೆಯ ಮಗುವಿನಿಂದ ಅದನ್ನು ಕಾಯುವುದು ಬೇರೆ. ಮೊದಲನೆಯದು ರಕ್ಷಣೆ, ಎರಡನೆಯದು ವಂಚನೆ. ಇಷ್ಟು ವಿವೇಕ ಅರಸನಿಗೆ ಬಂದದ್ದು ಸಾಯುವ ಗಳಿಗೆಯಲ್ಲಿ.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ, “ಅವರಪ್ಪ ಕಲಿಸಲಿಲ್ಲ” ಎಂದಷ್ಟೇ. ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಮಗ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದ. ಇಬ್ಬರೂ ಏನೂ ಆಡಲಿಲ್ಲ.

ಮುಂದಿನ ಭಾನುವಾರ ಟ್ರಂಕಿನಿಂದ ನಮ್ಮ ತಂದೆಯ ಹಳೆಯ ಕಾರ್ಡುಗಳನ್ನು ತೆಗೆದೆ. ಈ ಮನೆಯಲ್ಲಿ ನಾವಿಬ್ಬರು ಮುದುಕರು ಹೋದ ಮೇಲೆ ಅವನ್ನು ಓದುವವರಿಲ್ಲ. ಒಂದನ್ನು ಮೊಮ್ಮಗಳ ಮುಂದಿಟ್ಟು, ಬೆರಳಿನಿಂದ ಒಂದೊಂದೇ ಅಕ್ಷರ ತೋರಿಸುತ್ತ ಓದಿದೆ. ದೊಡ್ಡ ಸಂಗತಿಯೇನೂ ಇರಲಿಲ್ಲ: ಮಳೆ ಚೆನ್ನಾಗಿ ಆಗಿದೆ, ಎಮ್ಮೆ ಈದಿದೆ, ನೀನು ಊರಿಗೆ ಯಾವಾಗ ಬರುತ್ತೀ. ಓದಿ ಮುಗಿಸಿ ತಿರುಗಿದರೆ ಮಗ ಹಿಂದೆ ನಿಂತಿದ್ದ. “ಕೊನೀ ಸಾಲು ಎಲ್ಲದ, ಇನ್ನೊಮ್ಮೆ ತೋರಸ್ರಿ” ಎಂದ.

ತೋರಿಸಿದೆ. ಮೊಮ್ಮಗಳು ಈಗ ಹನ್ನೊಂದು ಅಕ್ಷರ ಕಲಿತಿದ್ದಾಳೆ. ಮಗನಿಗೆ ನಾನಾಗಿ ಇನ್ನೂ ಏನೂ ಹೇಳಿಲ್ಲ. ಆದರೆ ಸ್ಲೇಟು ಎರಡು ತಂದಿಟ್ಟಿದ್ದೇನೆ.