ಅನುಮಾನ ಬಂದರೆ ಸಾಕು

ಕಾಗದಕ್ಕಾಗಿ ಮರದ ಚೂರು ಬೇಯಿಸಿ ನಾರು ತೆಗೆದ ಮೇಲೆ ಕರಿ ನೀರು ಉಳಿಯುತ್ತದೆ. ಕಾರ್ಖಾನೆಯವರ ಬಾಯಲ್ಲಿ ಅದು ಬ್ಲ್ಯಾಕ್ ಲಿಕ್ಕರ್. ಮರದ ಹೆಚ್ಚುಕಡಿಮೆ ಅರ್ಧ ಅದರಲ್ಲೇ ಕರಗಿರುತ್ತದೆ. ಹೊಳೆಗೆ ಬಿಟ್ಟರೆ ವಿಷ. ಕಾಕಂಬಿಯಷ್ಟು ಗಟ್ಟಿಯಾಗುವವರೆಗೆ ಇಂಗಿಸಿ ರಿಕವರಿ ಬಾಯ್ಲರಿನಲ್ಲಿ ಉರಿಸಿದರೆ ಹಬೆಯೂ ಸಿಗುತ್ತದೆ, ಬೇಯಿಸಲು ಹಾಕಿದ ಸೋಡಾವೂ ತಿರುಗಿ ಕೈಸೇರುತ್ತದೆ. ಕಾಳಿ ನದಿ ದಡದ ದಾಂಡೇಲಿಯಲ್ಲೂ ನಡೆಯುವುದು ಇದೇ ಕೆಲಸ.

ಆ ಬಾಯ್ಲರಿನ ಬುಡದಲ್ಲಿ ನಿಂತು ನೋಡಬೇಕು. ಸುಟ್ಟುಳಿದ ರಾಸಾಯನಿಕ ಕರಗಿ, ಸುಮಾರು 850 ಡಿಗ್ರಿ ಶಾಖದಲ್ಲಿ ಕೆಂಡದ ನೀರಾಗಿ ಸ್ಪೌಟಿನಿಂದ ಇಳಿಯುತ್ತಿರುತ್ತದೆ. ಇದೇ ಸ್ಮೆಲ್ಟ್. ಕೆಳಗಿನ ತೊಟ್ಟಿಗೆ ಬೀಳುವ ಮೊದಲೇ ಹಬೆಯ ರಭಸ ಅದನ್ನು ಚೂರುಚೂರಾಗಿ ಒಡೆಯುತ್ತದೆ; ಆದರೂ ತೊಟ್ಟಿ ಗುಡುಗುತ್ತಲೇ ಇರುತ್ತದೆ. ಮುಖಕ್ಕೆ ಕವಚ ಹಾಕಿಕೊಂಡ ಕೆಲಸಗಾರ ಉದ್ದನೆಯ ಸಲಾಕೆಯಿಂದ ಸ್ಪೌಟಿನ ಬಾಯಿ ಬಿಡಿಸುತ್ತಾನೆ. ಇಷ್ಟಕ್ಕೂ ಆ ಕುಲುಮೆಯ ಗೋಡೆಯೆಂದರೆ ಸಾಲು ಸಾಲು ನೀರಿನ ಕೊಳವೆಗಳೇ. ಒಂದು ಕೊಳವೆ ಸೋರಿ ನೀರು ಸ್ಮೆಲ್ಟ್‌ಗೆ ತಗುಲಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಆವಿಯಾಗಿ ಸಿಡಿಯುತ್ತದೆ; ಬಾಯ್ಲರೇ ಬಿರಿಯಬಹುದು. ಲಿಕ್ಕರ್ ತೆಳುವಾಗಿದ್ದರೂ ಇದೇ ಅಪಾಯ. ಅದರಲ್ಲಿ ಘನಾಂಶ ಶೇ. 58ಕ್ಕಿಂತ ಕೆಳಗಿಳಿದರೆ ಉರಿಸಲೇಬಾರದು.

ಅಮೆರಿಕದಲ್ಲಿ ಇಂಥ ಸ್ಫೋಟಗಳನ್ನು ಕಂಡ ಮೇಲೆ, 1960ರ ದಶಕದ ಆರಂಭದಲ್ಲಿ, ಕಾರ್ಖಾನೆಯವರೂ ಬಾಯ್ಲರ್ ತಯಾರಕರೂ ವಿಮೆಯವರೂ ಒಂದು ಸಮಿತಿಯಾಗಿ ಕುಳಿತರು. ಅವರು ರೂಪಿಸಿದ ನಿಯಮ ನನ್ನನ್ನು ಬಹಳ ದಿನ ಕಾಡಿದೆ. ಕುಲುಮೆಗೆ ನೀರು ಇಳಿಯುತ್ತಿದೆ ಎಂಬುದು ಖಚಿತವಾಗಬೇಕಿಲ್ಲ. ಅನುಮಾನ ಬಂದು, ಅದನ್ನು ಆ ಕ್ಷಣವೇ ತಡೆಯಲಾಗದಿದ್ದರೆ ತುರ್ತು ಗುಂಡಿ ಒತ್ತಬೇಕು. ಉರಿ ನಿಲ್ಲುತ್ತದೆ, ಎಲ್ಲರೂ ದೂರ ಓಡಬೇಕು, ಕುಲುಮೆಯ ತಳದಿಂದ ಎಂಟು ಅಡಿ ಎತ್ತರಕ್ಕೆ ಇಳಿಯುವವರೆಗೆ ಬಾಯ್ಲರಿನ ನೀರು ಹೊರಹರಿಯುತ್ತದೆ. ಹೋಗಿ ಇಣುಕಿ ನೋಡೋಣ ಎನ್ನುವಂತಿಲ್ಲ.

ನಾವೆಲ್ಲ ಕಲಿತು ಬಂದದ್ದು ಇದಕ್ಕೆ ತದ್ವಿರುದ್ಧ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದೇ ಹಿರಿಯರು ಹೇಳಿದ್ದು. ಬದುಕಿನ ಬಹುಪಾಲಿಗೆ ಆ ಮಾತು ಸರಿ. ಆದರೆ ರಾತ್ರಿ ಪಾಳಿಯಲ್ಲಿ ಕಂಟ್ರೋಲ್ ರೂಮಿನಲ್ಲಿ ಕೂತವನಿಗೆ ಪ್ರಮಾಣಿಸುವಷ್ಟು ಸಮಯ ಇರುವುದಿಲ್ಲ. ಒತ್ತಿದರೆ ಉತ್ಪಾದನೆ ನಿಲ್ಲುತ್ತದೆ, ನಷ್ಟ ದೊಡ್ಡದು. ಕೊನೆಗೆ ಸೋರಿಕೆಯೇ ಇರಲಿಲ್ಲ ಎಂದೂ ತಿಳಿಯಬಹುದು. ಆ ಮುಜುಗರವನ್ನು ಮೊದಲೇ ಒಪ್ಪಿಕೊಂಡು ಕೈ ಮುಂದೆ ಚಾಚುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ. ಮತ್ತೆ ಮತ್ತೆ ಅಣಕು ಅಭ್ಯಾಸ ಮಾಡಿಸಿದರೆ, ಕೈಗೆ ರೂಢಿಯಾದರೆ ಬರುತ್ತದೆ. ಅದೂ ಅರ್ಧ ಮಾತ್ರ. ಉಳಿದರ್ಧ ಮೇಲಿನವರ ಮುಖದಲ್ಲಿದೆ: ಒಮ್ಮೆ ಒತ್ತಿ ಬೈಸಿಕೊಂಡವನು ಎರಡನೆಯ ಸಲ ಫೋನ್ ಮಾಡಿ ಅಪ್ಪಣೆ ಕೇಳುತ್ತಾನೆ.

ಅದಕ್ಕೇ ಮ್ಯಾನೇಜರುಗಳಲ್ಲಿ ನನ್ನದೊಂದು ಕೋರಿಕೆ. ಗುಂಡಿ ಒತ್ತಿದ ಹುಡುಗ ಬೆಳಿಗ್ಗೆ ನಿಮ್ಮೆದುರು ತಲೆತಗ್ಗಿಸಿ ನಿಂತಾಗ, ನಷ್ಟದ ಲೆಕ್ಕ ತೆಗೆಯುವ ಮುಂಚೆ, ಅವನನ್ನು ಕೂರಿಸಿ ಒಂದು ಲೋಟ ಚಹಾ ಕೊಡಿ.