ಕರೆಂಟ್ ಹೋದಾಗ: ಉಪೇಕ್ಖಾ ಬೇರೆ, ಉಪೇಕ್ಷೆ ಬೇರೆ

ಇಂದಿನ ಧಮ್ಮ ಚಿಂತನೆ.

ಮಳೆಗಾಲದಲ್ಲಿ ಹಳ್ಳಿಮನೆಗಳಲ್ಲಿ ಕರೆಂಟ್ ಹೋಗುವುದು ಮಾಮೂಲು. ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಮುಗಿದು ನೆಟ್‌ವರ್ಕ್ ಹೋಗುತ್ತದೆ. ಕತ್ತಲಲ್ಲಿ ಕೂತಾಗ "ಎಲ್ಲವೂ ಅನಿಚ್ಚ, ಸಹಿಸೋಣ" ಎಂಬ ಮಾತು ಉಪಾಸಕರಾದ ನಮಗೆ ಬೇಗ ಬಾಯಿಗೆ ಬರುತ್ತದೆ. ಇದು ಧಮ್ಮವೇ?

ಅರ್ಧ ಹೌದು. ಸಲ್ಲ ಸುತ್ತದಲ್ಲಿ ತಥಾಗತರು ಎರಡು ಬಾಣಗಳ ಉಪಮೆ ಕೊಡುತ್ತಾರೆ. ಮೈಗೆ ಆದ ನೋವು ಮೊದಲ ಬಾಣ, ಅದಕ್ಕೆ ಮನಸ್ಸು ಕೊರಗಿ ಕುದಿಯುವುದು ಎರಡನೆಯದು. ಫ್ಯಾನ್ ನಿಂತು ಸೆಕೆಯಾದದ್ದು ಮೊದಲ ಬಾಣ. ಆ ಸಿಟ್ಟನ್ನು ಮಡದಿ ಮಕ್ಕಳ ಮೇಲೆ ತೀರಿಸಿದರೆ ಎರಡನೆಯದು ಪಕ್ಕದವರಿಗೂ ತಗಲುತ್ತದೆ. ಇಲ್ಲಿ ಉಪೇಕ್ಖಾ, ಅಂದರೆ ಸಮಚಿತ್ತ, ಖಂಡಿತ ಬೇಕು.

ಆದರೆ ಪಾಲಿಯ ಈ ಪದದ ಸಂಸ್ಕೃತ ರೂಪದಿಂದ ಬಂದ 'ಉಪೇಕ್ಷೆ'ಗೆ ಕನ್ನಡದಲ್ಲಿ ಕಡೆಗಣಿಸುವುದು ಎಂಬ ಅರ್ಥವಿದೆ. ಸಿಡಿಲಿಗೆ ಲೈನ್ ಹರಿದರೆ ಅದು ಪ್ರಕೃತಿ. ಊರಿನ ಟಿಸಿ ಮರುದಿನವೇ ಸರಿಯಾಗಿ, ಕೇರಿಯ ಟಿಸಿ ವಾರಗಟ್ಟಲೆ ಸುಟ್ಟೇ ನಿಂತಿದ್ದರೆ ಅದು ಉಪೇಕ್ಷೆ. ಸುಟ್ಟ ಟಿಸಿ ಬದಲಿಸಲು ನಮ್ಮ ರಾಜ್ಯದ ನಿಯಮವೇ ಪಟ್ಟಣಕ್ಕೆ 24 ಗಂಟೆ, ಹಳ್ಳಿಗೆ 72 ಗಂಟೆ ಎನ್ನುತ್ತದೆ. (ಹಳ್ಳಿಯ ಕತ್ತಲು ಅಷ್ಟು ಹಗುರವೇನೋ!) ಅದೂ ಮೀರಿದ ಮೇಲೆ ಸುಮ್ಮನಿರುವುದು ಖಂತಿಯಲ್ಲ. ನೆಟ್‌ವರ್ಕ್ ಇಲ್ಲದೆ ಮಗಳ ವಿದ್ಯಾರ್ಥಿವೇತನದ ಅರ್ಜಿ ತಪ್ಪಿದಾಗ 'ಹಣೆಬರಹ' ಎಂದರೆ, ಬಿಟ್ಟುಬಂದ ಪೂರ್ವಜನ್ಮದ ಕರ್ಮವನ್ನು ಹಿತ್ತಿಲ ಬಾಗಿಲಿಂದ ಒಳಗೆ ಕರೆದಂತೆ. ಬಡವರ ಸ್ಥಿತಿಗೆ ಸಮಾಜ, ಸರ್ಕಾರ ಹೊಣೆಯಲ್ಲ ಎಂದು ನುಣುಚಿಕೊಳ್ಳಲು ಆ ಸಿದ್ಧಾಂತ ನೆರವಾಗುತ್ತದೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ 1942ರಿಂದ 1946ರವರೆಗೆ ಅವರು ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ವಿಷಯವೂ ಅವರ ಇಲಾಖೆಯಲ್ಲಿತ್ತು. ವಿದ್ಯುತ್ ಅಗ್ಗವಾಗಿ, ಹೇರಳವಾಗಿ ಸಿಗಬೇಕೆಂದು 1943ರಲ್ಲೇ ವಾದಿಸಿದವರು ಅವರು. ಬಡತನ ನೀಗಲು ಕೈಗಾರಿಕೆ ಬೇಕು, ಕೈಗಾರಿಕೆಗೆ ವಿದ್ಯುತ್ ಬೇಕು ಎಂಬುದು ಅವರ ಲೆಕ್ಕ. ಕತ್ತಲನ್ನು ಸಹಿಸಿಕೊಳ್ಳಿ ಎಂದವರಲ್ಲ.

ಹಾಗಾಗಿ ಕರೆಂಟ್ ಹೋದ ಕೂಡಲೇ, ನೆಟ್‌ವರ್ಕ್ ಇರುವಾಗಲೇ, 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಡಿ. ಆಮೇಲೆ ದೀಪ ಹಚ್ಚಿ ಆನಾಪಾನಕ್ಕೆ ಕೂರಿ. ಬೆಳಿಗ್ಗೆಯೂ ಬಾರದಿದ್ದರೆ ಕೇರಿಯ ಹತ್ತು ಮನೆಯವರ ಸಹಿ ಹಾಕಿಸಿ ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಮೇಲೆ ಮಾತ್ರ ಕೂಗಾಡಬೇಡಿ. ಅವರಿಗೆ ಒಂದು ಲೋಟ ಚಹಾ ಕೊಡಿ.